ಬ್ಲ್ಯಾಕ್ ಬೆಲ್ಟ್ ಮಾರಾಟಕ್ಕಿದೆ, ತಗೋತೀರಾ?

1/
"ಒಂದೂವರೆ ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ." ಇಂಥ ಬೋರ್ಡ್ ನಿಮ್ಮ ಏರಿಯಾದಲ್ಲೂ ನೋಡಿರ್ತೀರಿ. ಕಲಿಯಬೇಕಾದ್ದು ಮಗು. ಗ್ಯಾರಂಟಿ ಕೊಡೋಕೆ ಇವರ್ಯಾರು ಸ್ವಾಮಿ?

2/
ಮೊದಲು ಒಂದು ಕಟ್ಟುಕಥೆ ಬಿಟ್ಟುಬಿಡಿ. ಹಿಂದಿನ ಕಾಲದವರು ಬಿಳಿ ಬೆಲ್ಟ್ ಒಗೀತಾನೇ ಇರಲಿಲ್ಲ, ಬೆವರು ಮಣ್ಣು ಹತ್ತಿ ಕಪ್ಪಾಗ್ತಿತ್ತು ಅಂತಾರಲ್ಲ, ಅದು. ಜಿಗೊರೊ ಕಾನೊ 1882ರಲ್ಲಿ ಟೋಕಿಯೋದಲ್ಲಿ ಜೂಡೋ ಕಲಿಸೋ ಕೊಡೋಕನ್ ಶುರು ಮಾಡಿದರು. ಅವರು ಕತ್ತಿ ಹಿಡಿದ ಸಮುರಾಯ್ ಅಲ್ಲ, ಪಾಠ ಹೇಳೋ ಮೇಷ್ಟ್ರು. 'ದಾನ್' ಅನ್ನೋ ದರ್ಜೆ, ಕಪ್ಪು ಬೆಲ್ಟ್ ಎರಡೂ ಬಂದಿದ್ದು ಅವರ ಶಾಲೆಯಿಂದ. ಹಳದಿ, ಕಿತ್ತಳೆ, ಹಸಿರು ಬೆಲ್ಟ್‌ಗಳ ಸಾಲು ಬೆಳೆದಿದ್ದು ಇನ್ನೂ ಆಮೇಲೆ, 20ನೇ ಶತಮಾನದಲ್ಲಿ, ಯುರೋಪಿನ ಜೂಡೋ ಕ್ಲಬ್‌ಗಳಲ್ಲಿ.

3/
ಕರಾಟೆ ಹುಟ್ಟಿದ್ದು ಒಕಿನಾವಾ ದ್ವೀಪದಲ್ಲಿ. ಅಲ್ಲಿನವರ 'ತೆ', ಅಂದ್ರೆ ಕೈ, ಅನ್ನೋ ವಿದ್ಯೆಗೆ ಚೀನಾದಿಂದ ಬಂದ ಪಟ್ಟುಗಳು ಸೇರಿ ಬೆಳೆದ ಕಲೆ ಇದು. ಹಳೇ ಗುರುಗಳ ಹತ್ರ ಬೆಲ್ಟೇ ಇರಲಿಲ್ಲ. ಗಿಚಿನ್ ಫುನಾಕೋಶಿ 1922ರಲ್ಲಿ ಟೋಕಿಯೋದಲ್ಲಿ ಕರಾಟೆ ತೋರಿಸಿದರು. ಆಮೇಲೆ ಜೂಡೋದವರ ದರ್ಜೆ ಪದ್ಧತಿಯನ್ನೇ ತಗೊಂಡು, 1924ರಲ್ಲಿ ಶಿಷ್ಯರಿಗೆ ದಾನ್ ಕೊಟ್ಟರು. ನೂರು ವರ್ಷದ ಪದ್ಧತಿಯನ್ನ "ಸಾವಿರಾರು ವರ್ಷಗಳ ಪರಂಪರೆ" ಅಂತ ಮಾರ್ತಿದ್ದಾರೆ.

4/
ಇನ್ನೊಂದು ಗೊತ್ತಾ? ಮೊದಲ ಬ್ಲ್ಯಾಕ್ ಬೆಲ್ಟ್‌ಗೆ ಜಪಾನಿನಲ್ಲಿ 'ಶೋದಾನ್' ಅಂತಾರೆ. ಅರ್ಥ: ಆರಂಭದ ಮೆಟ್ಟಿಲು. ಅಆಇಈ ಬಂತು, ಇನ್ನು ಓದೋಕೆ ಕೂತ್ಕೋ ಅಂತ. ನಮ್ಮಲ್ಲಿ ಆ ಮೆಟ್ಟಿಲಲ್ಲೇ ಹಾರ ಹಾಕಿ ಫ್ಲೆಕ್ಸ್ ಕಟ್ಟಿ ಮನೆಗೆ ಕಳಿಸ್ತಾರೆ.

5/
ಕರಾಟೆಗೆ ಕಾಲು ಮೂರು. ಕಿಹೊನ್: ನಿಲ್ಲೋದು, ಗುದ್ದೋದು, ತಡೆಯೋದು. ಕಾತಾ: ಆ ಪಟ್ಟುಗಳನ್ನ ಜೋಡಿಸಿದ ವರಸೆ. ಕುಮಿತೆ: ಎದುರಾಳಿ ಜೊತೆ ಸೆಣಸೋದು. ಪರೀಕ್ಷೆ ಹಿಂದಿನ ವಾರ ಒಂದು ಕಾತಾ ಬಾಯಿಪಾಠ ಮಾಡಿಸಿದ್ರೆ ಉಳಿದೆರಡು ಕಾಲು ಎಲ್ಲಿಂದ ಬರ್ತವೆ?

6/
ನಾನು ಬಿಕಾಂ ಓದೋಳು, ಲೆಕ್ಕ ಕಾಣಿಸುತ್ತೆ. ಬಣ್ಣ ಹೆಚ್ಚಾದಷ್ಟು ಪರೀಕ್ಷೆ, ಪರೀಕ್ಷೆ ಹೆಚ್ಚಾದಷ್ಟು ಫೀಸು. ಫೇಲ್ ಮಾಡಿದ್ರೆ ಗಿರಾಕಿ ಹೋಗ್ತಾನೆ, ಅದಕ್ಕೇ ಯಾರೂ ಫೇಲ್ ಆಗಲ್ಲ. ದುಡ್ಡು ಕೊಟ್ಟೋರೆಲ್ಲ ಪಾಸಾದ್ರೆ ಅದು ಸರ್ಟಿಫಿಕೇಟ್ ಅಲ್ಲ, ರಸೀದಿ.

7/
"ಬೆಲ್ಟ್ ಇದ್ರೆ ಮಕ್ಕಳಿಗೆ ಹುರುಪು" ಅಂತೀರಾ? ಒಪ್ತೀನಿ. ಮಾಸ್ಟರ್ ಕೂಡ ಊಟ ಮಾಡ್ಬೇಕು, ಅದನ್ನೂ ಒಪ್ತೀನಿ. ತಿಂಗಳ ಫೀಸು ಧಾರಾಳವಾಗಿ ತಗೊಳ್ಳಲಿ. ಆದ್ರೆ ಒಬ್ಬ ಹುಡುಗಿ ಆ ಬೆಲ್ಟ್ ನಂಬಿಕೊಂಡು ರಾತ್ರಿ ಒಬ್ಬಳೇ ಬಸ್ ಸ್ಟಾಪಲ್ಲಿ ನಿಂತಿರ್ತಾಳೆ. ಬರದೇ ಇರೋ ವಿದ್ಯೆಯನ್ನ ಬಂದಿದೆ ಅಂತ ನಂಬಿಸೋದು, ಏನೂ ಕಲಿಸದೇ ಇರೋದಕ್ಕಿಂತ ಅಪಾಯ.

8/
ತಂಗೀನೋ ಮಗನನ್ನೋ ಸೇರಿಸೋ ಮುಂಚೆ ಮೂರೇ ಪ್ರಶ್ನೆ ಕೇಳಿ. ಕಳೆದ ಪರೀಕ್ಷೇಲಿ ಎಷ್ಟು ಜನ ಫೇಲ್ ಆದ್ರು? ವಾರಕ್ಕೆ ಎಷ್ಟು ಹೊತ್ತು ಕುಮಿತೆ? ಬ್ಲ್ಯಾಕ್ ಬೆಲ್ಟ್ ಆದ್ಮೇಲೂ ಎಷ್ಟು ಜನ ಕಲೀತಿದ್ದಾರೆ?

ಉತ್ತರ ತಡವರಿಸಿದ್ರೆ ಚಪ್ಪಲಿ ಹಾಕ್ಕೊಂಡು ವಾಪಸ್ ಬನ್ನಿ. 🥋

#ಕರಾಟೆ #ಶೋದಾನ್ #ಬೆಲ್ಟ್‌ವ್ಯಾಪಾರ