ಮಲೆನಾಡಿನ ಬೆಟ್ಟಗಳೂ ಮನೆಯ ನೀರೂ

ಮಳೆಗಾಲವು ಮುಗಿದು ಆಕಾಶವು ತಿಳಿಯಾದೊಡನೆ, ಬೆಟ್ಟಗಳನ್ನು ನೋಡಿಬರಬೇಕೆಂಬ ಆಸೆಯು ಅನೇಕ ಮನೆಗಳಲ್ಲಿ ಹುಟ್ಟುವುದು ಸಹಜವಷ್ಟೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಹತ್ತತಕ್ಕ ಬೆಟ್ಟಗಳಿಗೆ ಕೊರತೆಯಿಲ್ಲ. ಆದರೆ ತುದಿಯನ್ನು ಮುಟ್ಟಿ, ಸೂರ್ಯಾಸ್ತವನ್ನು ನೋಡಿ, ಇಳಿದು ಬಂದರೆ ಬೆಟ್ಟವನ್ನು ಕಂಡಂತಾಯಿತೆಂದು ತಿಳಿದವರು ಅದರಲ್ಲಿ ಅರ್ಧವನ್ನು ಮಾತ್ರವೇ ಕಂಡವರು. ಬೆಟ್ಟವು ನಮ್ಮ ನೀರಿನ ತವರುಮನೆ. ತವರಿಗೆ ಹೋದವರು ಅಲ್ಲಿಯ ಬಾವಿಗೆ ಕಸವನ್ನು ಎಸೆದು ಬರುವುದುಂಟೆ? ಈ ತಿಂಗಳು ನಾವು ನಮ್ಮ ವಾಚಕರಲ್ಲಿ ಅರಿಕೆ ಮಾಡಿಕೊಳ್ಳತಕ್ಕ ವಿಷಯವಿದು.

ಮಕ್ಕಳನ್ನೂ ವೃದ್ಧರನ್ನೂ ಕರೆದುಕೊಂಡು ಹೋಗುವವರಿಗೆ ಸಾಗರದ ಸಮೀಪದ ವರದಹಳ್ಳಿಯು ಒಳ್ಳೆಯ ಮೊದಲ ಪಾಠವಾಗಿದೆ. ಅಲ್ಲಿ ದುರ್ಗಾಂಬೆಯ ದೇವಾಲಯವಿದೆ. ಶ್ರೀಧರಸ್ವಾಮಿಗಳ (೧೯೦೮–೧೯೭೩) ಆಶ್ರಮವೂ ಸಮಾಧಿಯೂ ಇವೆ. ಮೆಟ್ಟಿಲುಗಳನ್ನು ನಿಧಾನವಾಗಿ ಏರಿದರೆ ಮನಸ್ಸಿಗೂ ಕಾಲಿಗೂ ಹಿತವಾಗುವುದು. ಬಂದ ಯಾತ್ರಿಕರು ಆಸೆಯಿಂದ ಅರಸುವುದು ಬೆಟ್ಟದ ಒಡಲಿನಿಂದ ಹರಿದುಬರುವ ಶ್ರೀಧರತೀರ್ಥವನ್ನು. ಬೆಟ್ಟಕ್ಕೂ ನೀರಿಗೂ ಇರುವ ನಂಟನ್ನು ಅರಿಯಲು ಇದಕ್ಕಿಂತ ಸುಲಭವಾದ ಸ್ಥಳವಿಲ್ಲ.

ಇದೇ ಸಾಗರದ ಹತ್ತಿರ ವರದಾಮೂಲದಲ್ಲಿ ಹುಟ್ಟುವ ವರದೆಯು ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರಿ, ಕಡೆಗೆ ಪೂರ್ವಸಮುದ್ರವನ್ನು ಕಾಣುತ್ತಾಳೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯು ಜೋಗದಲ್ಲಿ ೨೫೩ ಮೀಟರು ಧುಮುಕಿ, ಹೊನ್ನಾವರದಲ್ಲಿ ಪಶ್ಚಿಮಸಮುದ್ರವನ್ನು ಸೇರುತ್ತಾಳೆ. ಒಂದೇ ಮೋಡದಿಂದ ಉದುರಿದ ಎರಡು ಹನಿಗಳು ಹೀಗೆ ಎರಡು ಕಡಲುಗಳ ಪಾಲಾಗುವ ನಾಡು ನಮ್ಮದು.

ವರದಹಳ್ಳಿಯನ್ನು ಹತ್ತಿ ಕಾಲು ಪಳಗಿದವರು ತೀರ್ಥಹಳ್ಳಿಯ ಕಡೆಗೆ ಹೊರಡಬಹುದು. ಆಚಾರ್ಯ ಕುಂದಕುಂದರ ಹೆಸರನ್ನು ಹೊತ್ತ ಕುಂದಾದ್ರಿಯ ಬಂಡೆಯ ನೆತ್ತಿಯಲ್ಲಿ ಪಾರ್ಶ್ವನಾಥ ಬಸದಿಯೂ, ಅದರ ಪಕ್ಕದಲ್ಲಿಯೇ ಕೊಳವೂ ಇವೆ. ಕೆಳದಿಯ ಅರಸರ ಕವಲೇದುರ್ಗಕ್ಕೆ ಗದ್ದೆಗಳನ್ನು ದಾಟಿ, ಚಪ್ಪಡಿಕಲ್ಲು ಹಾಸಿದ ದಾರಿಯಲ್ಲಿ ಏರಬೇಕು. ಸುತ್ತುಸುತ್ತಾದ ಕೋಟೆಗೋಡೆಗಳನ್ನು ಕಂಡು ಗಂಡಸರು ಬೆರಗಾದರೆ, ಹಾಳು ಬಿದ್ದ ಅರಮನೆಯ ಕಲ್ಲಿನ ಒಲೆಯನ್ನು ಕಂಡು ನಮ್ಮ ಸೋದರಿಯರು ನಿಂತುಬಿಡುವರು. ಒಲೆಯಿದ್ದ ಮೇಲೆ ನೀರಿರಬೇಕಲ್ಲವೆ? ಕಲ್ಲು ಕಟ್ಟಿದ ಕೊಳಗಳು ಬೆಟ್ಟದ ಮೇಲೆ ಈಗಲೂ ಇವೆ. ಅರಸರು ಹೋದರು, ಫಿರಂಗಿಗಳು ಹೋದವು. ಮಳೆಯ ನೀರು ಮಾತ್ರ ವರ್ಷವರ್ಷವೂ ತನ್ನ ಜಾಗಕ್ಕೆ ಬಂದು ನಿಲ್ಲುತ್ತಿದೆ.

ಕೊನೆಯ ಪಾಠವು ಹೊಸನಗರ ತಾಲ್ಲೂಕಿನ ಕೊಡಚಾದ್ರಿ. ಸಮುದ್ರಮಟ್ಟದಿಂದ ೧೩೪೩ ಮೀಟರು ಎತ್ತರವಾದ ಈ ಗಿರಿಯ ಮೇಲೆ, ಶಂಕರಾಚಾರ್ಯರ ಹೆಸರಿನೊಡನೆ ಜನರು ನೆನೆಯುವ ಸರ್ವಜ್ಞಪೀಠವೆಂಬ ಪುಟ್ಟ ಕಲ್ಲಿನ ಗುಡಿಯಿದೆ. ಕೊಲ್ಲೂರಿನ ಭಕ್ತರು ಮೀಯುವ ಸೌಪರ್ಣಿಕೆಯು ಹುಟ್ಟುವುದು ಈ ಬೆಟ್ಟದಲ್ಲಿಯೇ. ಮೇಲೆ ಹುಲ್ಲಿನ ಬೋಳು ನೆತ್ತಿ, ಮಡಿಲುಗಳಲ್ಲಿ ದಟ್ಟವಾದ ಕಾಡು: ಇದು ಇಲ್ಲಿಯ ಎತ್ತರದ ಗಿರಿಗಳ ರೂಪ.

ಈ ರೂಪಕ್ಕೆ ಕಾರಣವುಂಟು, ಪ್ರಯೋಜನವೂ ಉಂಟು. ಜೋರಾಗಿ ಸುರಿಯುವ ಮಳೆಯನ್ನು ಹುಲ್ಲಿನ ಬೇರುಗಳು ತಡೆದು ಮಣ್ಣಿಗೆ ಇಳಿಸುತ್ತವೆ. ಕಣಿವೆಯ ಕಾಡು ತನ್ನ ತರಗೆಲೆಯ ಹಾಸಿಗೆಯ ಕೆಳಗೆ ಅದನ್ನು ಕೂಡಿಟ್ಟು, ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ಬುದ್ಧಿವಂತಳಾದ ಗೃಹಿಣಿಯು ಕಣಜದ ಬತ್ತವನ್ನು ಅಳೆದು ತೆಗೆಯುವಂತೆ ಬೆಟ್ಟವು ನೀರನ್ನು ಅಳೆದು ಕೊಡುತ್ತದೆ. ಹಿಂದೆ ಅಡಿಕೆಮರದ ದಬ್ಬೆಯಲ್ಲಿಯೂ ಈಗ ಕೊಳವೆಯಲ್ಲಿಯೂ ಹಿತ್ತಲಿಗೆ ಬಂದು ಬೀಳುವ ಅಬ್ಬಿನೀರು, ಹೀಗೆ ಕೂಡಿಟ್ಟ ಮಳೆಯೇ ಆಗಿದೆ.

ಇಂತಿರುವಲ್ಲಿ, ಹತ್ತುವವರು ಮಾಡುವ ಸಣ್ಣ ತಪ್ಪುಗಳೂ ಸಣ್ಣವಾಗಿ ಉಳಿಯವು. ಬಳಸುದಾರಿಯನ್ನು ತಪ್ಪಿಸಲು ಹತ್ತು ಜನರು ಹುಲ್ಲನ್ನು ತುಳಿದು ನೇರವಾಗಿ ಇಳಿದರೆ ಅಲ್ಲಿ ಮಣ್ಣು ಬತ್ತಲಾಗುವುದು. ಮುಂದಿನ ಮಳೆಗೆ ಅದು ಕೊರಕಲಾಗುವುದು; ಇಂಗಬೇಕಾದ ನೀರು ಆ ಕೊರಕಲಿನಲ್ಲಿ ಓಡಿಹೋಗುವುದು. ಕಡಿದಾದ ಮಣ್ಣುದಾರಿಯಲ್ಲಿ ಜೀಪುಗಳ ಗಾಲಿಗಳು ಮಾಡುವ ಗಾಯವು ಇನ್ನೂ ಆಳವಾದುದು. ಹಾಗೆ ಹಾಳಾದುದರ ಫಲವನ್ನು ಅನುಭವಿಸುವವರು, ಚೈತ್ರಮಾಸದಲ್ಲಿ ಬರಿಯ ಕೊಡವನ್ನು ಹಿಡಿದು ನಿಲ್ಲುವ ಬೆಟ್ಟದ ಕೆಳಗಿನ ಹೆಂಗಸರು. ಅಶಕ್ತರು ಜೀಪಿನಲ್ಲಿ ಹೋಗಲಿ. ಕಾಲಿನಲ್ಲಿ ಶಕ್ತಿಯುಳ್ಳವರು ನಡೆಯಲಿ ಎಂಬುದು ನಮ್ಮ ಅಭಿಪ್ರಾಯ.

ಫ್ರಾನ್ಸ್ ದೇಶದಲ್ಲಿ ೧೯೪೭ರಿಂದ ಈಚೆಗೆ ದೂರದ ಕಾಲ್ದಾರಿಗಳನ್ನು ಬಿಳಿ ಕೆಂಪು ಪಟ್ಟೆಗಳಿಂದ ಗುರುತು ಮಾಡುತ್ತ ಬಂದಿದ್ದಾರೆ. ಬಣ್ಣದ ಡಬ್ಬಿಯನ್ನು ಹಿಡಿದು ಈ ಕೆಲಸವನ್ನು ಮಾಡುವವರಲ್ಲಿ ಬಹುಮಂದಿ ಸಂಬಳವಿಲ್ಲದ ಸ್ವಯಂಸೇವಕರು. ಗುರುತಿರುವ ದಾರಿಯಲ್ಲಿ ಜನರು ಚದರದೆ ನಡೆಯುವರು. ಆದಕಾರಣ ಉಳಿದ ನೆಲವು ಉಳಿಯುವುದು. ನಮ್ಮ ಊರುಗಳ ತರುಣರು ಅರಣ್ಯ ಇಲಾಖೆಯವರ ಅನುಮತಿಯನ್ನು ಪಡೆದು, ವರ್ಷಕ್ಕೊಮ್ಮೆ ಒಂದೊಂದು ದಾರಿಯ ಕಲ್ಲನ್ನು ಸರಿಪಡಿಸಿ, ಕೊರಕಲನ್ನು ಮುಚ್ಚಿದರೆ ಅದು ಕೆರೆಯ ಹೂಳನ್ನು ತೆಗೆದಷ್ಟೇ ಪುಣ್ಯದ ಕೆಲಸವಾಗುವುದು.

ಹೊರಡುವವರಿಗೆ ಕೆಲವು ಸೂಚನೆಗಳನ್ನು ಕೊಡುವೆವು. ಮಳೆಗಾಲದಲ್ಲಿ ಬಂಡೆಯು ಜಾರುವುದು, ಮಂಜು ದಾರಿಯನ್ನು ಮರೆಸುವುದು, ಉಂಬಳಗಳು ಕಾಲನ್ನು ಹತ್ತುವುವು. ಆಗ ಮಕ್ಕಳೊಡನೆ ಹೋಗುವುದು ತರವಲ್ಲ. ಮಳೆ ನಿಂತ ಮೇಲಿನ ದಿನಗಳು ಉತ್ತಮ. ಆದರೆ ಡಿಸೆಂಬರಿನಿಂದ ಮೇ ತಿಂಗಳವರೆಗಿನ ಒಣ ಕಾಲದಲ್ಲಿ ಬೇರೊಂದು ಭಯವಿದೆ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಕಾಡಿನ ಉಣ್ಣೆಗಳ ಕಡಿತದಿಂದ ಹರಡುವುದು. ೨೦೧೮–೧೯ರಲ್ಲಿ ಅದು ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅನೇಕ ಮನೆಗಳಿಗೆ ದುಃಖವನ್ನು ತಂದಿತು. ಮಂಗಗಳು ಸತ್ತಿರುವ ಸುದ್ದಿಯಿರುವ ಕಾಡಿಗೆ ಹೋಗಲೇಬಾರದು. ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಮೈತುಂಬ ಬಟ್ಟೆಯನ್ನು ತೊಟ್ಟು, ತರಗೆಲೆಯ ಮೇಲೆ ಕುಳಿತುಕೊಳ್ಳದೆ, ಮನೆಗೆ ಬಂದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆಗಳನ್ನು ಒಗೆಯತಕ್ಕದ್ದು. ಆಮೇಲೆ ಜ್ವರ ಬಂದರೆ, ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮರೆಯದೆ ಹೇಳಬೇಕು.

ಬುತ್ತಿಯನ್ನು ಬಾಳೆಯೆಲೆಯಲ್ಲಿ ಕಟ್ಟಿರಿ. ಕುಡಿಯುವ ನೀರನ್ನು ಮನೆಯ ಚೊಂಬಿನಲ್ಲಿಯೋ ಬಾಟಲಿಯಲ್ಲಿಯೋ ಒಯ್ಯಿರಿ. ಪ್ಲಾಸ್ಟಿಕ್ಕನ್ನು ಒಯ್ದರೆ ಅದನ್ನು ಮರಳಿ ಮನೆಗೇ ತನ್ನಿರಿ. ಕೊಳದಲ್ಲಿ ಸೋಪನ್ನು ಹಚ್ಚಬೇಡಿರಿ, ಕೈಯನ್ನು ತೊಳೆಯುವುದಾದರೆ ನೀರನ್ನು ಮೊಗೆದು ದೂರದಲ್ಲಿ ತೊಳೆಯಿರಿ. ತುದಿಯನ್ನು ಮುಟ್ಟಿದಾಗ ಮಕ್ಕಳಿಗೆ ಕೆಳಗಿನ ತೋಟಗಳನ್ನೂ ಹೆಂಚಿನ ಮನೆಗಳನ್ನೂ ತೋರಿಸಿ, ಇಲ್ಲಿಯ ನೀರು ಅಲ್ಲಿಗೆ ಹೋಗುವುದೆಂದು ಹೇಳಿರಿ. ಆ ಒಂದು ಮಾತನ್ನು ತಿಳಿದ ಮಗುವು ದೊಡ್ಡದಾದ ಮೇಲೆ ಬೆಟ್ಟವನ್ನು ಕೆಡಿಸಲಾರದೆಂದು ನಾವು ನಂಬಿದ್ದೇವೆ.