ಅಂಬಾಸಿಡರಿನ ಹಿಂಬದಿಯ ಗೊಣಗಾಟ

ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಆದರೂ ನಮ್ಮ ತಾಳವಾಡಿ ಸೀಮೆಯಲ್ಲಿ, ತಂದೆಯ ಕಾಲದ ಗಾಡಿಯೆಂಬ ಅಭಿಮಾನದಿಂದ ಅದನ್ನು ಸಾಕಿಕೊಂಡಿರುವ ಮನೆಗಳು ಇನ್ನೂ ಇವೆ. ಇಂತಹ ಗಾಡಿಯ ಹಿಂಭಾಗದಿಂದ ‘ಗುಂಯ್’ ಎಂಬ ಸ್ವರ ಹೊರಟಿತೆಂದರೆ ಸಾಕು, “ಡಿಫರೆನ್ಶಿಯಲ್ ಹೋಯಿತು” ಎಂಬ ತೀರ್ಪು ಒಡನೆಯೇ ಬೀಳುತ್ತದೆ. ವಿಚಾರಣೆಯಿಲ್ಲದ ಈ ತೀರ್ಪನ್ನು ಒಪ್ಪಬಾರದೆಂದು ಓದುಗ ಬಂಧುಗಳಲ್ಲಿ ನನ್ನ ವಿನಂತಿ. ನಮ್ಮೂರಿನ ಗೃಹಸ್ಥರೊಬ್ಬರು ಸಾವಿರಾರು ರೂಪಾಯಿ ತೆತ್ತು ಕ್ರೌನ್ ಪಿನಿಯನ್ ಬದಲಾಯಿಸಿದರು. ಸದ್ದು ಇದ್ದಲ್ಲಿಯೇ ಇತ್ತು. ಕಡೆಗೆ ನೋಡಿದರೆ ಸವೆದಿದ್ದುದು ಎಡ ಚಕ್ರದ ಒಂದು ಬೇರಿಂಗ್! ಬಿಡಿಭಾಗಗಳು ದುರ್ಲಭವಾಗಿರುವ ಈ ದಿನಗಳಲ್ಲಿ, ಚೆನ್ನಾಗಿದ್ದ ಹಲ್ಲಿನ ಜೋಡಿ ಗುಜರಿಗೆ ಸೇರಿದ್ದು ಹಣದ ನಷ್ಟಕ್ಕಿಂತಲೂ ದೊಡ್ಡ ನಷ್ಟ.

ಮೊದಲು ಯಂತ್ರದ ಸ್ವರೂಪವನ್ನು ತಿಳಿಯೋಣ. ಅಂಬಾಸಿಡರಿನ ಎಂಜಿನ್ ಮುಂದಿದೆ, ಎಳೆಯುವ ಚಕ್ರಗಳು ಹಿಂದಿವೆ. ಗೇರ್ ಪೆಟ್ಟಿಗೆಯಿಂದ ಹೊರಟ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಹಿಂದಿನ ಅಚ್ಚಿನ ನಡುವಣ ಗುಂಡನೆಯ ಕೋಶವನ್ನು ಸೇರುತ್ತದೆ. ಅಲ್ಲಿ ಪಿನಿಯನ್ ಎಂಬ ಕಿರಿಯ ಹಲ್ಲುಗಾಲಿ ಕ್ರೌನ್ ಎಂಬ ಹಿರಿಯ ಗಾಲಿಯನ್ನು ತಿರುಗಿಸುತ್ತದೆ. ಕ್ರೌನಿಗೆ ಕೂಡಿಕೊಂಡಿರುವ ಪುಟ್ಟ ಗಾಲಿಗಳ ಗುಂಪೇ ನಿಜವಾದ ಡಿಫರೆನ್ಶಿಯಲ್. ಫ್ರಾನ್ಸಿನ ಪೆಕ್ಕೂರ್ ಎಂಬಾತ ತನ್ನ ಉಗಿಬಂಡಿಗಾಗಿ 1828ರಲ್ಲಿ ಇಂತಹುದಕ್ಕೆ ಹಕ್ಕುಪತ್ರ ಪಡೆದಿದ್ದ.

ಇದರ ಅಗತ್ಯವೇನು? ಬಣ್ಣಾರಿಯಿಂದ ದಿಂಬಂ ಘಟ್ಟವನ್ನು ಹತ್ತುವಾಗ 27 ಕಡಿದಾದ ತಿರುವುಗಳಿವೆ. ಎರಡು ಹಿಂಚಕ್ರಗಳ ನಡುವಣ ಅಂತರ ಸುಮಾರು 1.3 ಮೀಟರ್. ಗಾಡಿ ಪೂರ್ತಿ ಹಿಂತಿರುಗಿದಂತೆ ಅರ್ಧವೃತ್ತ ಸುತ್ತಿದರೆ, ಹೊರಗಿನ ಚಕ್ರವು ಒಳಗಿನದಕ್ಕಿಂತ ಸುಮಾರು 4 ಮೀಟರ್ ಹೆಚ್ಚು ಉರುಳಬೇಕು. ತಿರುವು ಅಗಲವಿರಲಿ, ಇಕ್ಕಟ್ಟಾಗಿರಲಿ, ಈ ವ್ಯತ್ಯಾಸ ಅಷ್ಟೇ. (ಏಳನೆಯ ತರಗತಿಯ ಮಕ್ಕಳಿಗೆ ಇದನ್ನು ಲೆಕ್ಕವಾಗಿ ಕೊಡಬಹುದು, ನಂಬುವುದಕ್ಕೆ ಅವರಿಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ.) ಆ ವ್ಯತ್ಯಾಸವನ್ನು ಸರಿದೂಗಿಸುವವು ಆ ಪುಟ್ಟ ಗಾಲಿಗಳು. ನೇರ ರಸ್ತೆಯಲ್ಲಿ ಅವುಗಳಿಗೆ ವಿಶ್ರಾಂತಿ. ಆದ್ದರಿಂದ ತಿರುವಿನಲ್ಲಿ ಮಾತ್ರ ಕಟಕಟ ಸದ್ದು ಬಂದರೆ ಅವುಗಳ ಮೇಲೆ ಸಂಶಯಪಡಬೇಕು. ನೇರ ರಸ್ತೆಯ ಸದ್ದಿಗೆ ಅವು ಸಾಮಾನ್ಯವಾಗಿ ಹೊಣೆಯಲ್ಲ.

ಸದ್ದಿನ ಪರೀಕ್ಷೆಗೆ ಇಬ್ಬರು ಬೇಕು. ಓಡಿಸುವವರು ಒಬ್ಬರು, ಹಿಂದಿನ ಆಸನದಲ್ಲಿ ಕಿವಿಗೊಟ್ಟು ಕೂರುವವರು ಇನ್ನೊಬ್ಬರು. “ಹಿಂದೆ ಏನೋ ಕೊರಗುತ್ತಿದೆಯಲ್ಲ” ಎಂದು ಮೊದಲು ಹೇಳುವವರು ಬಹುಮಟ್ಟಿಗೆ ಮನೆಯ ಹೆಂಗಸರು. ಚಾಲಕ ಮಹಾಶಯರು ಅದನ್ನು ಕೇಳಿಸಿಕೊಳ್ಳುವುದಿಲ್ಲ. ಸಮತಟ್ಟಾದ, ನಿರ್ಜನವಾದ ರಸ್ತೆಯಲ್ಲಿ 50 ಕಿಲೋಮೀಟರ್ ವೇಗಕ್ಕೆ ತನ್ನಿ. ರಸ್ತೆಯ ಮೈ ಬದಲಾದೊಡನೆ ಸ್ವರ ಬದಲಾದರೆ ಅದು ಟೈರಿನದು. ನ್ಯೂಟ್ರಲ್‌ಗೆ ಹಾಕಿದರೂ ಸದ್ದು ಹಾಗೆಯೇ ಮುಂದುವರಿದರೆ ಎಂಜಿನ್ ನಿರಪರಾಧಿ. ಈ ಪ್ರಯೋಗವನ್ನು ಘಟ್ಟದ ಇಳಿಜಾರಿನಲ್ಲಿ ಯಾರೂ ಮಾಡತಕ್ಕದ್ದಲ್ಲ. ಗಾಡಿಯನ್ನು ಮೆಲ್ಲನೆ ಎಡಕ್ಕೆ ಬಾಗಿಸಿದಾಗ ಭಾರವು ಬಲಗಡೆಗೆ ವಾಲುತ್ತದೆ. ಆಗ ಗುರುಗುಟ್ಟುವಿಕೆ ಹೆಚ್ಚಿದರೆ ಬಲ ಚಕ್ರದ ಬೇರಿಂಗನ್ನೂ, ಬಲಕ್ಕೆ ಬಾಗಿಸಿದಾಗ ಹೆಚ್ಚಿದರೆ ಎಡ ಚಕ್ರದ್ದನ್ನೂ ನೋಡಿಸಬೇಕು. ಮೇಲೆ ಹೇಳಿದ ಗೃಹಸ್ಥರ ಹಣ ಈ ಒಂದು ಪರೀಕ್ಷೆಯಿಂದ ಉಳಿಯುತ್ತಿತ್ತು.

ಇನ್ನು ಕ್ರೌನ್ ಪಿನಿಯನ್ನಿನ ಸದ್ದಿಗೆ ಅದರದೇ ಲಕ್ಷಣವಿದೆ. ಆಕ್ಸಿಲರೇಟರ್ ಒತ್ತಿದಾಗ ಹಲ್ಲಿನ ಒಂದು ಮುಖ ಭಾರ ಹೊರುತ್ತದೆ, ಕಾಲು ತೆಗೆದಾಗ ಮತ್ತೊಂದು ಮುಖ. ಆದುದರಿಂದ ಪಾದದ ಚಲನೆಯೊಡನೆ ಸ್ವರವೂ ಹುಟ್ಟಿ ಅಡಗಿದರೆ ಹಲ್ಲುಗಳಲ್ಲಿ ದೋಷವಿದೆಯೆನ್ನಬಹುದು. ಕಾಲು ತೆಗೆದಾಗಲೇ ಊಳಿಟ್ಟರೆ ಪಿನಿಯನ್ ತನ್ನ ಬೇರಿಂಗಿನಲ್ಲಿ ಸಡಿಲಗೊಂಡಿರಬಹುದು. ನಾಲ್ಕನೆಯ ಗೇರಿನಲ್ಲಿ ಮೌನ, ಉಳಿದವುಗಳಲ್ಲಿ ಗಲಾಟೆ ಎಂದಾದರೆ ಹಿಂಬದಿಯನ್ನು ಬಿಟ್ಟು ಗೇರ್ ಪೆಟ್ಟಿಗೆಯನ್ನು ವಿಚಾರಿಸಿ. ರಿವರ್ಸಿನಿಂದ ಮುಂದಕ್ಕೆ ಹೊರಡುವಾಗ ‘ಟಣ್’ ಎಂಬ ಒಂದೇ ಏಟು ಕೇಳಿಸಿದರೆ ಶಾಫ್ಟಿನ ತುದಿಯ ಕ್ರಾಸುಗಳನ್ನು ನೋಡಿ. ಅವುಗಳ ಬಟ್ಟಲಿನ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ರೋಗ ಅಲ್ಲಿಯೇ ಇದೆ. ಇದರ ಖರ್ಚು ಅಲ್ಪ.

ಸದ್ದಿಗಿಂತ ಭಯಂಕರವಾದುದು ಸದ್ದಿಲ್ಲದ ಸೋರಿಕೆ. ಈ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುತ್ತವೆ. ಆದ್ದರಿಂದ ಅವುಗಳಿಗೆ 90 ನಂಬರಿನ ಹೈಪಾಯ್ಡ್ ಗೇರ್ ಎಣ್ಣೆಯೇ ಬೇಕು. ಎಂಜಿನ್ ಎಣ್ಣೆ ಸಲ್ಲದು. ಅಚ್ಚಿನ ಮೇಲಿರುವ ಪುಟ್ಟ ಗಾಳಿಕಿಂಡಿ ಕೆಸರಿನಿಂದ ಮುಚ್ಚಿಹೋದರೆ ಒಳಗಿನ ಬಿಸಿಗಾಳಿಗೆ ದಾರಿಯಿಲ್ಲದೆ ಅದು ಎಣ್ಣೆಯನ್ನು ಸೀಲುಗಳ ಮೂಲಕ ಹೊರನೂಕುತ್ತದೆ. ಪಿನಿಯನ್ನಿನ ಬಳಿ ಸೋರಿದರೆ ಹಲ್ಲುಗಳು ಒಣಗುತ್ತವೆ. ಚಕ್ರದ ಬಳಿ ಸೋರಿದರೆ ಎಣ್ಣೆಯು ಬ್ರೇಕಿನ ಲೈನರಿಗೆ ತಾಗುತ್ತದೆ. ದಿಂಬಂ ಇಳಿಯುವ ಗಾಡಿಗೆ, ಅದರಲ್ಲಿ ಕುಳಿತ ಮಕ್ಕಳುಮರಿಗೆ, ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂಚಕ್ರದ ಒಳಮೈಯಲ್ಲಿ ಎಣ್ಣೆಯ ಕಲೆ ಕಂಡ ದಿನ ಗಾಡಿ ಘಟ್ಟಕ್ಕೆ ಹೊರಡಬಾರದು.

ಕೋಶವನ್ನು ಬಿಚ್ಚಲೇಬೇಕಾಗಿ ಬಂದರೆ ಒಂದು ಷರತ್ತು. ಕ್ರೌನ್ ಮತ್ತು ಪಿನಿಯನ್ ಒಂದನ್ನೊಂದು ಉಜ್ಜಿ ಹೊಂದಿಸಿದ ಜೋಡಿ; ಒಂದು ಕೆಟ್ಟರೆ ಎರಡನ್ನೂ ಬದಲಾಯಿಸಬೇಕು, ಬೇರೆ ಗಾಡಿಯ ಒಂಟಿ ಪಿನಿಯನ್ ತಂದು ಗಂಟುಹಾಕಿದರೆ ಸಂಸಾರ ನಡೆಯದು. ಹಲ್ಲುಗಳಿಗೆ ಬಣ್ಣ ಬಳಿದು, ತಿರುಗಿಸಿ, ತಾಗುವ ಗುರುತು ಹಲ್ಲಿನ ನಡುಭಾಗದಲ್ಲಿ ಮೂಡಿದೆಯೇ ಎಂದು ನೋಡುವ ಮೇಸ್ತ್ರಿ ಸಿಕ್ಕರೆ ಅವರನ್ನು ಬಿಡಬೇಡಿ. ಕಣ್ಣಂದಾಜಿನಲ್ಲಿ ಬೋಲ್ಟು ಬಿಗಿಯುವವರಿಗೆ ದೂರದಿಂದಲೇ ನಮಸ್ಕಾರ.

ಹಳೆಯ ಗಾಡಿಯನ್ನು ಕೊಳ್ಳಹೊರಟವರಿಗೆ ಇನ್ನೊಂದು ಮಾತು. ಸದ್ದನ್ನು ಅಡಗಿಸಲು ಕೋಶದೊಳಕ್ಕೆ ಮರದ ಹೊಟ್ಟನ್ನೋ ಬಾಳೆಹಣ್ಣಿನ ಸಿಪ್ಪೆಯನ್ನೋ ತುರುಕಿ ಮಾರುವ ಹಳೆಯ ಕುಯುಕ್ತಿಯೊಂದುಂಟು. ಗಾಡಿ ತಣ್ಣಗಿರುವಾಗ ಎಣ್ಣೆ ತುಂಬುವ ತಿರುಪನ್ನು ಬಿಚ್ಚಿಸಿ ಕಿರುಬೆರಳು ಹಾಕಿ. ಎಣ್ಣೆ ರಂಧ್ರದ ಕೆಳಅಂಚಿನವರೆಗೆ ಇರಬೇಕು. ಬೆರಳಿಗೆ ನಯವಾದ ಬೂದುಬಣ್ಣದ ಲೇಪ ಅಂಟಿದರೆ ಅದು ವಯಸ್ಸಿನ ಸಹಜ ಸವೆತ. ಹೊಳೆಯುವ ಚೂರುಗಳು ಅಂಟಿದರೆ, ಅಥವಾ ನಾರಿನಂತಹ ಕಸ ಬಂದರೆ, ಮುಂಗಡದ ಹಣವನ್ನು ಜೇಬಿನಲ್ಲಿಯೇ ಇಟ್ಟುಕೊಂಡು ಮನೆಗೆ ಬನ್ನಿ.