ಆರು ಚುಕ್ಕಿಯ ಹುಡುಗ

ಮಕ್ಕಳೇ, ಕಣ್ಣು ಮುಚ್ಚಿಕೊಂಡು ನಿಮ್ಮ ಹೆಸರು ಬರೆಯಿರಿ. ಬರೆದಿರಾ? ಈಗ ಕಣ್ಣು ತೆರೆಯದೆ ಅದನ್ನು ಓದಿ ನೋಡೋಣ. ಆಗಲಿಲ್ಲ, ಅಲ್ಲವೇ?

ಇನ್ನೂರು ವರ್ಷಗಳ ಹಿಂದೆ ಪ್ಯಾರಿಸ್ ನಗರದ ಅಂಧ ಮಕ್ಕಳ ಶಾಲೆಯಲ್ಲೂ ಇದೇ ಪಾಡು. 1819ರಲ್ಲಿ ಹತ್ತು ವರ್ಷದ ಲೂಯಿ ಬ್ರೈಲ್ ಅಲ್ಲಿಗೆ ಸೇರಿದ. ಅವನ ಅಪ್ಪ ಕುದುರೆಗೆ ಜೀನು, ಲಗಾಮು ಹೊಲಿಯುವವರು. ಮೂರು ವರ್ಷದವನಿದ್ದಾಗ ಲೂಯಿ ಅಪ್ಪನಂತೆ ತೊಗಲಿಗೆ ತೂತು ಹಾಕಲು ಹೋಗಿ, ಚೂಪಾದ ಹತಾರವನ್ನು ಕಣ್ಣಿಗೆ ಚುಚ್ಚಿಕೊಂಡಿದ್ದ. ಬೇನೆ ಇನ್ನೊಂದು ಕಣ್ಣಿಗೂ ಹಬ್ಬಿ, ಎರಡೂ ಹೋದವು.

ಶಾಲೆಯಲ್ಲಿ ಉಬ್ಬಕ್ಷರದ ಕೆಲವು ಪುಸ್ತಕಗಳಿದ್ದವು. ಅಕ್ಷರಗಳು ದೊಡ್ಡವು, ಪುಸ್ತಕವೋ ಎತ್ತಲಾರದಷ್ಟು ಭಾರ. ಒಂದೊಂದೇ ಅಕ್ಷರ ತಡವಿ ಓದಬೇಕು. ಅದನ್ನು ತಾವೇ ಬರೆಯುವುದಂತೂ ಆಗದ ಮಾತು.

ಸೇನೆಯಲ್ಲಿದ್ದ ಶಾರ್ಲ್ ಬಾರ್ಬಿಯೆ ಎಂಬವರು ಚುಕ್ಕಿಗಳ ಲಿಪಿಯೊಂದನ್ನು ಶಾಲೆಗೆ ಪರಿಚಯಿಸಿದರು. ಅದರಲ್ಲಿ ಹನ್ನೆರಡು ಚುಕ್ಕಿಗಳ ಗುಂಪು. ಬೆರಳ ತುದಿಗೆ ಒಟ್ಟಿಗೆ ಸಿಗುತ್ತಿರಲಿಲ್ಲ. ಇದು ಲೂಯಿಗೆ ತಿಳಿಯಿತು, ಏಕೆಂದರೆ ಓದುವ ಬೆರಳು ಅವನದೇ ಆಗಿತ್ತು. ಬಿಡುವಾದಾಗಲೆಲ್ಲ ಕಾಗದ ಚುಚ್ಚುತ್ತ ಕುಳಿತ. 1824ರಲ್ಲಿ, ಹದಿನೈದನೆಯ ವಯಸ್ಸಿಗೆ, ಆರೇ ಚುಕ್ಕಿಗಳ ಲಿಪಿ ಸಿದ್ಧವಾಯಿತು. ಅದನ್ನು ಬರೆಯಲು ಬೇಕಾದದ್ದು ಚೂಪಾದ ಒಂದು ಕಡ್ಡಿ. ಕಣ್ಣು ಕಳೆದ ಹತಾರದಂಥದ್ದೇ!

ಗೆಳೆಯರು ಬೇಗ ಕಲಿತರು. ಹಿರಿಯರು ಮಾತ್ರ ಬೇಗ ಒಪ್ಪಲಿಲ್ಲ. ಒಮ್ಮೆ ಶಾಲೆಯ ಮುಖ್ಯಸ್ಥರೇ ಅದನ್ನು ನಿಷೇಧಿಸಿದರು. ಮಕ್ಕಳು ಬಿಡಲಿಲ್ಲ, ಗುಟ್ಟಾಗಿ ಬರೆದರು. ಲೂಯಿ ಅದೇ ಶಾಲೆಯಲ್ಲಿ ಮೇಷ್ಟರಾದ, 1852ರಲ್ಲಿ ತೀರಿಕೊಂಡ. ಶಾಲೆ ಅವನ ಲಿಪಿಯನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ.

ಇಂದು ಕನ್ನಡವನ್ನೂ ಬ್ರೈಲ್‌ನಲ್ಲಿ ಓದುತ್ತಾರೆ. ನಮ್ಮ 'ಅ' ಅದರಲ್ಲಿ ಒಂದೇ ಒಂದು ಚುಕ್ಕಿ.

ನಿಮ್ಮ ತರಗತಿಯಲ್ಲಿ ಕಣ್ಣು ಕಾಣದ, ಕಿವಿ ಕೇಳದ, ನಡೆಯಲಾಗದ ಗೆಳೆಯರಿದ್ದಾರೆಯೇ? 'ಪಾಪ' ಎನ್ನಬೇಡಿ. 'ನಮ್ಮ ಶಾಲೆಯಲ್ಲಿ ಏನು ಬದಲಾಗಬೇಕು?' ಎಂದು ಕೇಳಿ. ಕಷ್ಟ ಯಾರದೋ, ಅದರ ಪರಿಹಾರವೂ ಎಷ್ಟೋ ಸಲ ಅವರಿಗೇ ಹೊಳೆದಿರುತ್ತದೆ. ಕೇಳುವವರು ಬೇಕು, ಅಷ್ಟೆ.

ಅಜ್ಜ ಅಜ್ಜಿಯರೇ, ಸಂಜೆ ಮೊಮ್ಮಕ್ಕಳೊಡನೆ ಆರು ಹುಣಸೆಬೀಜ ಹಿಡಿದು ಕುಳಿತುಕೊಳ್ಳಿ. ಮೂರು ಮೂರರಂತೆ ಎರಡು ಸಾಲಿಡಿ. ಬೇಕಾದವನ್ನು ಇಟ್ಟು, ಬೇಡದವನ್ನು ತೆಗೆದು ಎಷ್ಟು ರೂಪ ಮಾಡಬಹುದು, ಎಣಿಸಿ. 63 ಬಂದರೆ ನಿಮ್ಮ ಲೆಕ್ಕ ಸರಿ!